ಮೆಕ್ಕೆಜೋಳದ ಬೂಷ್ಟು, ಜೇಡಿಮಣ್ಣಿನ ಮದ್ದು

ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ ಸ್ವಲ್ಪ ಹೊತ್ತಿಗೆಲ್ಲ ಆನಗೋಡು ಸಿಗುತ್ತದೆ. ಶಾಲೆಯ ಪ್ರವಾಸದಲ್ಲಿ ಅಲ್ಲಿನ ಕಿರು ಮೃಗಾಲಯಕ್ಕೆ ಹೋಗಿ ಬಂದವರು ನಿಮ್ಮಲ್ಲಿ ಕೆಲವರಾದರೂ ಇರಬೇಕು. ದೀಪಾವಳಿಯ ಆಸುಪಾಸಿನಲ್ಲಿ ಹೋಗಿದ್ದರೆ ಜಿಂಕೆ, ನವಿಲಿಗಿಂತ ಮೊದಲು ನಿಮ್ಮ ಕಣ್ಣಿಗೆ ಬಿದ್ದಿರುವುದು ಮೆಕ್ಕೆಜೋಳ. ಕಣದಲ್ಲಿ, ಮನೆಯ ಮುಂದಿನ ಬಯಲಿನಲ್ಲಿ, ಜಾಗ ಸಾಲದಾಗ ರಸ್ತೆಯ ಅಂಚಿನಲ್ಲಿಯೂ ಹಳದಿ ಕಂಬಳಿ ಹಾಸಿದಂತೆ ಕಾಳು ಹರಡಿರುತ್ತದೆ. ಮೋಡ ಕವಿದರೆ ಸಾಕು, ಮನೆಮಂದಿಯೆಲ್ಲ ಓಡಿ ಬಂದು ರಾಶಿ ಮಾಡಿ ತಾಡಪಾಲು ಹೊದಿಸುತ್ತಾರೆ. ಬಿಸಿಲು ಬಂದರೆ ಮತ್ತೆ ಹರಡುತ್ತಾರೆ. ಇದು ದಿನವೂ ನಡೆಯುವ ಓಟ.

ಈ ಓಟದಲ್ಲಿ ರೈತ ಗೆಲ್ಲದ ವರ್ಷಗಳೂ ಉಂಟು. ಮೂರು ದಿನ ಜಿಟಿಜಿಟಿ ಮಳೆ ಹಿಡಿದರೆ ತಾಡಪಾಲಿನ ಕೆಳಗೆ ಕಾಳು ಬೆವರುತ್ತದೆ. ಕೈಯಿಟ್ಟರೆ ಬಿಸಿ ತಾಗುತ್ತದೆ. ನಾಲ್ಕನೆಯ ದಿನ ರಾಶಿಯ ಒಳಗಿನ ಕಾಳಿನ ಮೂತಿಯಲ್ಲಿ ಹಳದಿ ಬೆರೆತ ಹಸಿರು ಪುಡಿ ಕಾಣಿಸಿಕೊಳ್ಳುತ್ತದೆ. ಅದೇ ಬೂಷ್ಟು. ಬೂಷ್ಟು ಹಿಡಿದ ಕಾಳನ್ನು ಯಾರೂ ರೊಟ್ಟಿ ಮಾಡಿ ತಿನ್ನುವುದಿಲ್ಲ. ಹಾಗೆಂದು ಎಸೆಯುವುದೂ ಇಲ್ಲ, ವರ್ಷದ ದುಡಿಮೆಯನ್ನು ತಿಪ್ಪೆಗೆ ಸುರಿಯಲು ಯಾರಿಗೆ ಮನಸ್ಸು ಬರುತ್ತದೆ? ಅದು ಕಡಿಮೆ ಬೆಲೆಗೆ ಮಾರಾಟವಾಗುತ್ತದೆ, ಇಲ್ಲವೆ ಮನೆಯ ಎಮ್ಮೆಯ ಬಾನಿಗೆ ಬೀಳುತ್ತದೆ. ಅಂದರೆ ಬೂಷ್ಟು ನಮ್ಮ ತಟ್ಟೆಯಿಂದ ದೂರ ಹೋದಂತೆ ಕಂಡರೂ ಹಾಲಿನ ಲೋಟದ ದಾರಿಯಲ್ಲಿ ತಿರುಗಿ ಬರಬಹುದು.

ಪಶು ಆಹಾರ ಮಾರುವ ಅಂಗಡಿಗೆ ಹೋಗಿ ಈ ಕಷ್ಟ ಹೇಳಿದರೆ ಅಂಗಡಿಯವರು ಒಂದು ಚೀಲ ತೋರಿಸುತ್ತಾರೆ. ಒಳಗೆ ಬೂದು ಬಣ್ಣದ ನುಣುಪಾದ ಪುಡಿ. ಅವರು ಅದನ್ನು ‘ಟಾಕ್ಸಿನ್ ಬೈಂಡರ್’ ಎನ್ನುತ್ತಾರೆ, ಅಂದರೆ ವಿಷವನ್ನು ಕಟ್ಟಿಹಾಕುವ ಪದಾರ್ಥ. ಇಂಥ ಚೀಲಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದು ಬಗೆಯ ಜೇಡಿಮಣ್ಣು. ದನಕ್ಕೂ ಕೋಳಿಗೂ ಮಣ್ಣು ತಿನ್ನಿಸುವ ಈ ಪದ್ಧತಿ ಎಲ್ಲಿಂದ ಬಂತು, ಅದು ನಿಜಕ್ಕೂ ಏನು ಮಾಡುತ್ತದೆ, ಏನು ಮಾಡಲಾರದು ಎಂಬುದೇ ಈ ಮಾತುಕತೆಯ ವಿಷಯ.

ಹಗೇವಿನಿಂದ ತಾಡಪಾಲಿಗೆ

ಬೂಷ್ಟು ಹೊಸದೇನಲ್ಲ. ನಮ್ಮ ಬಯಲುಸೀಮೆಯ ಹಿರಿಯರಿಗೆ ಅದರ ಪರಿಚಯ ಚೆನ್ನಾಗಿಯೇ ಇತ್ತು. ಅವರು ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದೊಳಗೆ ಹೂಜಿಯ ಆಕಾರದಲ್ಲಿ ಅಗೆದು, ಸುತ್ತ ಹುಲ್ಲು ಕಟ್ಟಿ, ಕಾಳು ತುಂಬಿ, ಬಾಯಿಗೆ ಕಲ್ಲು ಮಣ್ಣು ಮುಚ್ಚಿದರೆ ಬರಗಾಲ ಬರುವವರೆಗೂ ಅದರ ಯೋಚನೆ ಇರುತ್ತಿರಲಿಲ್ಲ. ಹಗೇವು ತೆಗೆಯುವಾಗ ಮೊದಲು ದೀಪವನ್ನು ಹಗ್ಗದಲ್ಲಿ ಇಳಿಬಿಡುತ್ತಿದ್ದರು. ಒಳಗಿನ ಗಾಳಿಯಲ್ಲಿ ಆಮ್ಲಜನಕ ಮುಗಿದು ಇಂಗಾಲದ ಡೈಆಕ್ಸೈಡ್ ತುಂಬಿದ್ದರೆ ದೀಪ ಆರುತ್ತಿತ್ತು, ಇಳಿಯಬೇಕಾದವರು ಇನ್ನಷ್ಟು ಹೊತ್ತು ಕಾಯುತ್ತಿದ್ದರು. ಗೋಡೆಗೆ ತಾಗಿದ ಕಾಳು ಮುಗ್ಗಲು ವಾಸನೆ ಬರುತ್ತಿತ್ತು, ಅದನ್ನು ಬೇರೆ ತೆಗೆದು ದನಕ್ಕೆ ಹಾಕುತ್ತಿದ್ದರು. ಕೆಟ್ಟದ್ದು ದನಕ್ಕೆ ಎಂಬ ಲೆಕ್ಕ ಹೀಗೆ ಬಹಳ ಹಳೆಯದು.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಿ. ಹಗೇವಿಗೆ ಹೋಗುತ್ತಿದ್ದ ಹಿಂಗಾರಿ ಜೋಳ ಕೊಯ್ಲಾಗುತ್ತಿದ್ದುದು ಸಂಕ್ರಾಂತಿಯ ನಂತರ, ಒಣಗಾಳಿ ಮತ್ತು ಬಿಸಿಲಿನ ಕಾಲದಲ್ಲಿ. ಕಾಳು ಹೊಲದಲ್ಲೇ ಗಲಗಲ ಎನ್ನುವಷ್ಟು ಒಣಗಿರುತ್ತಿತ್ತು. ಮೆಕ್ಕೆಜೋಳದ ಪಂಚಾಂಗವೇ ಬೇರೆ. ಜೂನ್‌-ಜುಲೈನಲ್ಲಿ ಬಿತ್ತಿದ್ದು ಅಕ್ಟೋಬರ್‌-ನವೆಂಬರ್‌ನಲ್ಲಿ ಕೈಗೆ ಬರುತ್ತದೆ. ಆಗ ಹಿಂಗಾರು ಮಳೆಯ ಕಾಲ. ತೆನೆ ಮುರಿಯುವಾಗ ಕಾಳಿನಲ್ಲಿ ನೂರಕ್ಕೆ 20ರಿಂದ 25 ಭಾಗ ತೇವವಿರುವುದು ಸಾಮಾನ್ಯ. ಬೂಷ್ಟು ಹತ್ತದೆ ಉಳಿಯಬೇಕಾದರೆ ಅದು 12-13ಕ್ಕೆ ಇಳಿಯಬೇಕು. ಈ ಹತ್ತು ಭಾಗ ನೀರನ್ನು ತೆಗೆಯಲು ರೈತನ ಬಳಿ ಇರುವುದು ಬಿಸಿಲು ಮಾತ್ರ.

ಈ ಬೆಳೆ ಇಷ್ಟು ವ್ಯಾಪಕವಾದದ್ದು ಇತ್ತೀಚಿನ ಚರಿತ್ರೆ. ಅಖಿಲ ಭಾರತ ಮಟ್ಟದಲ್ಲಿ ಮೆಕ್ಕೆಜೋಳದ ಸುಧಾರಣೆಯ ಸಂಘಟಿತ ಯೋಜನೆ ಶುರುವಾದದ್ದು 1957ರಲ್ಲಿ. 1961ರಲ್ಲಿ ಮೊದಲ ಹೈಬ್ರಿಡ್‌ಗಳು ಬಂದವು. ಅವುಗಳಲ್ಲಿ ಒಂದಕ್ಕೆ ‘ಡೆಕ್ಕನ್’ ಎಂದೇ ಹೆಸರು. ಜೋಳ, ನವಣೆ, ಹತ್ತಿ, ಶೇಂಗಾ ಇದ್ದ ಮಳೆಯಾಶ್ರಿತ ಹೊಲಗಳು ಒಂದೊಂದಾಗಿ ಮೆಕ್ಕೆಜೋಳಕ್ಕೆ ತಿರುಗಿದವು. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಯಿತು. ‘ಹತ್ತಿ ಗಿರಣಿಗಳ ಊರು’ ಎಂದು ಹೆಸರಾಗಿದ್ದ ಅದು ಈಗ ರಾಜ್ಯದ ಮೆಕ್ಕೆಜೋಳದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಇಲ್ಲಿನ ಲಾರಿಗಳು ನಾಮಕ್ಕಲ್‌ನ ಕೋಳಿ ಆಹಾರದ ಗಿರಣಿಗಳವರೆಗೂ ಹೋಗುತ್ತವೆ. ಉತ್ತರ ಕರ್ನಾಟಕದ ಕಡೆ ಇದಕ್ಕೆ ‘ಗೋವಿನಜೋಳ’ ಎನ್ನುತ್ತಾರೆ. ಆ ಹೆಸರು ಹೇಗೆ ಬಂದಿದ್ದರೂ, ಈಗ ಅದು ಹೆಚ್ಚಾಗಿ ದನ ಕೋಳಿಗಳ ಪಾಲಿನ ಕಾಳೇ ಆಗಿದೆ.

ಒಂದು ಲಕ್ಷ ಟರ್ಕಿ ಕೋಳಿಗಳು

ಬೂಷ್ಟು ಹಿಡಿದ ಆಹಾರ ಕೆಟ್ಟದ್ದು ಎಂದು ಎಲ್ಲರಿಗೂ ಗೊತ್ತಿತ್ತು. ಅದರಲ್ಲಿ ವಿಷವಿದೆ, ಆ ವಿಷಕ್ಕೆ ಒಂದು ರೂಪವಿದೆ ಎಂದು ತಿಳಿದದ್ದು ಮಾತ್ರ 1960ರ ಬಳಿಕ. ಆ ವರ್ಷ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತವು. ರೋಗಾಣು ಸಿಗಲಿಲ್ಲ. ವೈದ್ಯರು ಬೇರೆ ದಾರಿ ಕಾಣದೆ ‘ಟರ್ಕಿ ಎಕ್ಸ್ ರೋಗ’ ಎಂದು ಹೆಸರಿಟ್ಟರು. ಲೆಕ್ಕದಲ್ಲಿ ಗೊತ್ತಿಲ್ಲದ ಸಂಖ್ಯೆಗೆ ನಾವು ಎಕ್ಸ್ ಎನ್ನುವುದಿಲ್ಲವೆ, ಹಾಗೆ. ಸತ್ತ ಹಕ್ಕಿಗಳು ತಿಂದದ್ದನ್ನು ಹುಡುಕುತ್ತ ಹೋದಾಗ ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ ಸಿಕ್ಕಿತು. ಆ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ಬೆಳೆದಿತ್ತು. ಶಿಲೀಂಧ್ರದ ಹೆಸರಿನ ಅಕ್ಷರಗಳನ್ನೇ ಕೂಡಿಸಿ ಅದರ ವಿಷಕ್ಕೆ ‘ಅಫ್ಲಾಟಾಕ್ಸಿನ್’ ಎಂದರು. ನೇರಳಾತೀತ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುವುದಕ್ಕೆ ಬಿ, ಹಸಿರಾಗಿ ಹೊಳೆಯುವುದಕ್ಕೆ ಜಿ, ಹಾಲಿನಲ್ಲಿ ಕಂಡದ್ದಕ್ಕೆ ಎಂ ಎಂಬ ಗುರುತು ಬಂತು. ಇವುಗಳಲ್ಲಿ ಬಿ1 ಎಲ್ಲಕ್ಕಿಂತ ಕೇಡಿನದು. ಯಕೃತ್ತನ್ನು ಕೆಡಿಸುತ್ತದೆ, ಕ್ಯಾನ್ಸರನ್ನೂ ತರುತ್ತದೆ. ಅಡುಗೆಯ ಬಿಸಿಗೆ ಅದು ಜಗ್ಗುವುದಿಲ್ಲ. ಶಿಲೀಂಧ್ರಗಳು ತಯಾರಿಸುವ ಇಂಥ ವಿಷಗಳಿಗೆಲ್ಲ ಒಟ್ಟಾಗಿ ಮೈಕೋಟಾಕ್ಸಿನ್ ಅಥವಾ ಶಿಲೀಂಧ್ರವಿಷ ಎನ್ನುತ್ತಾರೆ.

ಇದನ್ನು ಕೇಳಿ ದೂರದ ಕತೆ ಎಂದುಕೊಳ್ಳಬೇಡಿ. 1966ರಲ್ಲಿ ಅಂದಿನ ಮೈಸೂರು ರಾಜ್ಯದಲ್ಲಿ ಶೇಂಗಾ ಹಿಂಡಿಯ ಇದೇ ವಿಷದಿಂದ 2,219 ಕೋಳಿಮರಿಗಳು ಸತ್ತದ್ದು ವರದಿಯಾಗಿದೆ. ಅದಕ್ಕಿಂತ ಮನ ಕಲಕುವ ಸಂಗತಿ ಮಕ್ಕಳದು. ಆ ಕಾಲದಲ್ಲಿ ಅಪೌಷ್ಟಿಕತೆಗೆ ಪರಿಹಾರವೆಂದು ನಮ್ಮ ವಿಜ್ಞಾನಿಗಳು ಶೇಂಗಾ ಹಿಟ್ಟಿನ ಮೇಲೆ ಬಹಳ ಭರವಸೆ ಇಟ್ಟಿದ್ದರು. ಅಗ್ಗದಲ್ಲಿ ಅಷ್ಟು ಪ್ರೋಟೀನು ಬೇರೆ ಎಲ್ಲಿ ಸಿಗುತ್ತದೆ? ಮೈಸೂರಿನಲ್ಲಿ ಪ್ರೋಟೀನಿನ ಕೊರತೆಯಿಂದ ಬಳಲುತ್ತಿದ್ದ ಕೆಲವು ಮಕ್ಕಳಿಗೆ ಕೊಟ್ಟ ಶೇಂಗಾ ಹಿಟ್ಟಿನಲ್ಲಿ ಅಫ್ಲಾಟಾಕ್ಸಿನ್ ಇದ್ದದ್ದು ಆಮೇಲೆ ತಿಳಿಯಿತು. ಆ ಮಕ್ಕಳಲ್ಲಿ ಕೆಲವರ ಯಕೃತ್ತು ಊದಿ ಗಟ್ಟಿಯಾಗುತ್ತ ಹೋದದ್ದನ್ನು ಮೈಸೂರಿನ ವೈದ್ಯರೂ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿ. ಶ್ರೀನಿವಾಸಮೂರ್ತಿ, ಎಚ್.ಎ.ಬಿ. ಪರ್ಪಿಯಾ ಅವರೂ ಸೇರಿ 1971ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಒಳ್ಳೆಯದಾಗಲೆಂದು ಕೊಟ್ಟ ತುತ್ತು ಕೆಡುಕಾದದ್ದನ್ನು ಮುಚ್ಚಿಡದೆ ಬರೆದರಲ್ಲ, ಅದು ದೊಡ್ಡದು.

ಅದೇ ಸಂಶೋಧನಾಲಯ ಈ ವಿಷವನ್ನು ನಾಶ ಮಾಡುವ ಉಪಾಯವನ್ನೂ ಹುಡುಕಿತು. 1967ರಲ್ಲಿ ಹೈಡ್ರೊಜನ್ ಪೆರಾಕ್ಸೈಡ್‌ನಿಂದ ಹಿಂಡಿಯ ವಿಷ ತೆಗೆಯುವ ವಿಧಾನವನ್ನು ಪ್ರಕಟಿಸಿತು. ಹತ್ತು ವರ್ಷದ ಮೇಲೆ, ಶೇಂಗಾ ಎಣ್ಣೆಯನ್ನು ಬಿಸಿಲಿಗೆ ಇಟ್ಟರೆ ಅದರಲ್ಲಿನ ಅಫ್ಲಾಟಾಕ್ಸಿನ್ ನಾಶವಾಗುತ್ತದೆಂದು ತೋರಿಸಿತು. ಅಜ್ಜಿ ಉಪ್ಪಿನಕಾಯಿ ಜಾಡಿಯನ್ನು ಬಿಸಿಲಿಗಿಟ್ಟ ಹಾಗೆ!

ಮೆಕ್ಕೆಜೋಳದ ಸರದಿ 1974ರಲ್ಲಿ ಬಂತು. ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾನ್ಸವಾಡ ಜಿಲ್ಲೆಗಳಲ್ಲಿ ಕೊಯ್ಲಿನ ಕಾಲಕ್ಕೆ ಅಕಾಲ ಮಳೆ ಸುರಿಯಿತು. ಬೇರೆ ಗತಿಯಿಲ್ಲದ ಭಿಲ್ ಬುಡಕಟ್ಟಿನ ಜನ ಬೂಷ್ಟು ಹಿಡಿದ ಕಾಳನ್ನೇ ಬೀಸಿ ತಿಂದರು. ಕಾಮಾಲೆ ಬಂತು, ಹೊಟ್ಟೆಯಲ್ಲಿ ನೀರು ತುಂಬಿತು. ಅದೇ ರೊಟ್ಟಿ ತಿಂದ ಊರ ನಾಯಿಗಳೂ ಸತ್ತವು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯವರು 397 ರೋಗಿಗಳನ್ನೂ 106 ಸಾವುಗಳನ್ನೂ ದಾಖಲಿಸಿದರು. ಆನಗೋಡಿನ ಕಣದಲ್ಲಿ ಕಾಳು ಒದ್ದೆಯಾದಾಗ ನೆನಪಾಗಬೇಕಾದ ಘಟನೆ ಇದು. ಅಲ್ಲಿ ವಿಷ ನೇರವಾಗಿ ಮನುಷ್ಯನ ಹೊಟ್ಟೆಗೆ ಹೋಯಿತು. ನಮ್ಮಲ್ಲಿ ಅದು ಕೋಳಿ, ಎಮ್ಮೆಗಳ ಮೂಲಕ ಸುತ್ತಿ ಬರುತ್ತದೆ.

ಮುದ್ರೆಯ ಮಣ್ಣು

ಈಗ ಮಣ್ಣಿನ ಕತೆಗೆ ಬರೋಣ. ವಿಷಕ್ಕೆ ಮಣ್ಣು ಮದ್ದು ಎಂಬ ನಂಬಿಕೆ ಎರಡು ಸಾವಿರ ವರ್ಷಕ್ಕೂ ಹಳೆಯದು. ಗ್ರೀಸಿನ ಲೆಮ್ನಾಸ್ ದ್ವೀಪದ ಜೇಡಿಮಣ್ಣನ್ನು ಬಿಲ್ಲೆ ಮಾಡಿ, ಮುದ್ರೆ ಒತ್ತಿ, ದೇಶದೇಶಕ್ಕೆ ಮಾರುತ್ತಿದ್ದರು. ಪ್ರಸಿದ್ಧ ವೈದ್ಯ ಗ್ಯಾಲನ್ ಅದನ್ನು ನೋಡಲೆಂದೇ ಆ ದ್ವೀಪಕ್ಕೆ ಹೋಗಿದ್ದ. ಹದಿನಾರನೆಯ ಶತಮಾನದ ಜರ್ಮನಿಯಲ್ಲಿ ಇಂಥದೇ ಮಣ್ಣಿನ ಪರೀಕ್ಷೆ ಮನುಷ್ಯನ ಮೇಲೆ ನಡೆದದ್ದುಂಟು. 1581ರಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಕಳ್ಳನೊಬ್ಬ, ಗಲ್ಲಿಗೆ ಹೋಗುವ ಬದಲು ವಿಷ ಕುಡಿದು ಆ ಮಣ್ಣನ್ನು ತಿನ್ನುತ್ತೇನೆಂದು ಒಪ್ಪಿಕೊಂಡ. ಪಾದರಸದ ವಿಷ ಕೊಟ್ಟರು, ಹಿಂದೆಯೇ ಮಣ್ಣು ಕೊಟ್ಟರು. ಬಹಳ ನರಳಿದನಂತೆ, ಆದರೆ ಬದುಕಿದ. ಒಬ್ಬನ ಮೇಲೆ ಮಾಡಿದ ಪರೀಕ್ಷೆಯಿಂದ ಏನೂ ಸಿದ್ಧವಾಗುವುದಿಲ್ಲ ಎಂದು ವಿಜ್ಞಾನದ ವಿದ್ಯಾರ್ಥಿಗಳಾದ ನಿಮಗೆ ಹೇಳಬೇಕಾಗಿಲ್ಲ.

ನಮ್ಮಲ್ಲಿ ಮಣ್ಣು ಕಾಳನ್ನು ಕಾಯುತ್ತಿತ್ತು. ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸುವುದು, ಕಾಳಿಗೆ ಬೂದಿ ಬೆರೆಸುವುದು ಇವೆಲ್ಲ ಹುಳುವಿನಿಂದ ಉಳಿಸಿಕೊಳ್ಳುವ ಉಪಾಯಗಳು. ಮೆಕ್ಕೆಜೋಳದ ತೌರುಮನೆಯಾದ ಮೆಕ್ಸಿಕೋದಲ್ಲಿ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ತೊಳೆದು ಅರೆಯುತ್ತಾರೆ. ಇದರಿಂದ ಶಿಲೀಂಧ್ರವಿಷ ಬಹುಮಟ್ಟಿಗೆ ಇಳಿಯುತ್ತದೆಂದು ಈಗ ತಿಳಿದಿದೆ. ಮೆಕ್ಕೆಜೋಳ ನಮ್ಮ ದೇಶಕ್ಕೆ ಬಂತು. ಅದರ ಜೊತೆಗೆ ಈ ಸುಣ್ಣದ ನೀರಿನ ಪಾಠ ಬರಲಿಲ್ಲ.

ಪಶು ಆಹಾರಕ್ಕೆ ಜೇಡಿಮಣ್ಣು ಸೇರಿದ್ದು ವಿಷಕ್ಕಾಗಿ ಅಲ್ಲ, ಗಂಟಿಗಾಗಿ. ಗಿರಣಿಯಲ್ಲಿ ಬೀಸಿದ ಆಹಾರ ಚೀಲದಲ್ಲಿ ಗಂಟು ಕಟ್ಟುತ್ತದೆ, ಸಲೀಸಾಗಿ ಸುರಿಯುವುದಿಲ್ಲ. ನುಣ್ಣನೆಯ ಜೇಡಿಪುಡಿ ಸ್ವಲ್ಪ ಬೆರೆಸಿದರೆ ಗಂಟು ಕಟ್ಟದು. ಅಮೆರಿಕದ ಟೆಕ್ಸಾಸಿನಲ್ಲಿ ಟಿಮೊಥಿ ಫಿಲಿಪ್ಸ್ ಮತ್ತು ಅವರ ಸಂಗಡಿಗರು ಇಂಥದೊಂದು ಗಂಟು ತಡೆಯುವ ಪುಡಿಯನ್ನೇ ಎತ್ತಿಕೊಂಡು ಅದು ಅಫ್ಲಾಟಾಕ್ಸಿನ್ನನ್ನು ಹಿಡಿಯುತ್ತದೆಯೆ ಎಂದು ಪರೀಕ್ಷಿಸಿದರು. ಅದರ ರಾಸಾಯನಿಕ ಹೆಸರು ಉದ್ದ: ಜಲೀಕೃತ ಸೋಡಿಯಂ ಕ್ಯಾಲ್ಸಿಯಂ ಅಲ್ಯುಮಿನೋಸಿಲಿಕೇಟ್. ಕೋಳಿಮರಿಗಳ ಆಹಾರಕ್ಕೆ ನೂರಕ್ಕೆ ಅರ್ಧ ಭಾಗ, ಅಂದರೆ ಟನ್ನಿಗೆ 5 ಕಿಲೋ ಬೆರೆಸಿದಾಗ ವಿಷದ ಹಾವಳಿ ಬಹುವಾಗಿ ತಗ್ಗಿತು. 1988ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. 1991ರಲ್ಲಿ ಹಾಲು ಕೊಡುವ ಹಸುಗಳ ಮೇಲೆ ಪ್ರಯೋಗ ಮಾಡಿದಾಗ ಹಾಲಿಗೆ ಬರುವ ವಿಷವೂ ಕಡಿಮೆಯಾದದ್ದು ಕಂಡಿತು. ಅಲ್ಲಿಂದ ಮುಂದೆ ಬೆಂಟೊನೈಟ್ ಎಂಬ ಜೇಡಿಮಣ್ಣಿಗೆ ಹೊಸ ಗಿರಾಕಿಗಳು ಹುಟ್ಟಿಕೊಂಡರು. ನಮ್ಮ ದೇಶದಲ್ಲಿ ಈ ಮಣ್ಣು ಗುಜರಾತಿನ ಕಛ್ ಮತ್ತು ರಾಜಸ್ಥಾನದ ಬಾಡಮೇರ್‌ಗಳಲ್ಲಿ ಸಿಗುತ್ತದೆ.

ಪುಸ್ತಕದ ಹಾಳೆಗಳ ನಡುವೆ

ಮಣ್ಣು ವಿಷವನ್ನು ಹೇಗೆ ಹಿಡಿಯುತ್ತದೆ? ಬೆಂಟೊನೈಟಿನ ಮುಖ್ಯ ಅಂಶ ಮಾಂಟ್‌ಮಾರಿಲೊನೈಟ್ ಎಂಬ ಖನಿಜ. ಹೆಸರು ಕೇಳಿ ಬೆದರಬೇಡಿ, ನಿಮ್ಮೂರ ಎರೆಹೊಲದಲ್ಲಿ ಇದೇ ಜಾತಿಯ ಖನಿಜವಿದೆ. ಬೇಸಿಗೆಯಲ್ಲಿ ಎರೆಭೂಮಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಬಿರುಕು ಮುಚ್ಚುತ್ತದೆ. ಕಾರಣ, ಈ ಖನಿಜ ಪುಸ್ತಕದ ಹಾಗೆ ಹಾಳೆ ಹಾಳೆಯಾಗಿದೆ. ಹಾಳೆಗಳ ನಡುವೆ ನೀರು ನುಗ್ಗಿದರೆ ಅವು ದೂರ ಸರಿಯುತ್ತವೆ, ನೀರು ಹೋದರೆ ಹತ್ತಿರ ಬರುತ್ತವೆ. ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿ, ಎಣ್ಣೆಯ ಬಣ್ಣ ತೆಗೆಯಲು ಗಿರಣಿಗಳಲ್ಲಿ ಬಳಸುವ ಮಣ್ಣು ಎಲ್ಲ ಈ ಕುಲದವೇ.

ಹಾಳೆ ಎಷ್ಟು ತೆಳುವೆಂದರೆ ಸುಮಾರು ಒಂದು ನ್ಯಾನೊಮೀಟರು, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಒಂದು ಗ್ರಾಂ ಮಣ್ಣಿನ ಹಾಳೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 750 ಚದರ ಮೀಟರು ಆಗುತ್ತದೆ. ರೈತರ ಲೆಕ್ಕದಲ್ಲಿ ಹೇಳುವುದಾದರೆ ಏಳು ಗುಂಟೆಗೂ ಮಿಕ್ಕಿದ ಜಾಗ! ಚಿಟಿಕೆ ಮಣ್ಣಿನೊಳಗೆ ಏಳು ಗುಂಟೆ ಹೊಲ. ಹಾಳೆಗಳ ಮೇಲೆ ಋಣ ವಿದ್ಯುದಂಶವಿದೆ. ಅದನ್ನು ಸರಿದೂಗಿಸಲು ನಡುವೆ ಕ್ಯಾಲ್ಸಿಯಂ, ಸೋಡಿಯಂಗಳ ಧನ ಅಯಾನುಗಳು ಕುಳಿತಿವೆ. ಅಫ್ಲಾಟಾಕ್ಸಿನ್ ಅಣು ಚಪ್ಪಟೆಯಾಗಿದೆ, ಅದರ ಒಂದು ಬದಿಯಲ್ಲಿ ಅಕ್ಕಪಕ್ಕ ಎರಡು ಆಮ್ಲಜನಕ ಪರಮಾಣುಗಳಿವೆ. ಚಪ್ಪಟೆಯಾದ್ದರಿಂದ ಅದು ಪುಸ್ತಕದಲ್ಲಿಟ್ಟ ನವಿಲುಗರಿಯಂತೆ ಹಾಳೆಗಳ ನಡುವೆ ಜಾರಿಕೊಳ್ಳುತ್ತದೆ, ಆ ಆಮ್ಲಜನಕದ ಜೋಡಿ ಅಯಾನಿಗೆ ಅಂಟಿಕೊಳ್ಳುತ್ತದೆ. ಇದಕ್ಕೆ ಅಧಿಶೋಷಣೆ ಎಂದು ಹೆಸರು. ಸ್ಪಂಜು ನೀರನ್ನು ಹೀರಿದಂತೆ ಅಲ್ಲ, ಮೇಲ್ಮೈಯಲ್ಲಿ ಹಿಡಿದುಕೊಳ್ಳುವುದು.

ಇಲ್ಲಿ ಒಂದು ಮಾತು ಸರಿಯಾಗಿ ತಿಳಿದುಕೊಳ್ಳಬೇಕು. ಚೀಲದಲ್ಲಿ ಬೆರೆತ ಮಾತ್ರಕ್ಕೆ ಮಣ್ಣು ಆಹಾರವನ್ನು ಶುದ್ಧ ಮಾಡುವುದಿಲ್ಲ. ವಿಷ ಅಲ್ಲಿಯೇ ಇರುತ್ತದೆ. ಹೊಟ್ಟೆಯ ರಸದಲ್ಲಿ ನೆನೆದಾಗ ಮಣ್ಣು ಕೆಲಸ ಶುರು ಮಾಡುತ್ತದೆ. ಕರುಳಿನಿಂದ ರಕ್ತಕ್ಕೆ ಹೋಗಬೇಕಾದ ವಿಷದ ಬಹುಪಾಲನ್ನು ಹಿಡಿದುಕೊಂಡು ಸಗಣಿಯೊಡನೆ, ಹಿಕ್ಕೆಯೊಡನೆ ಹೊರಗೆ ಹೋಗುತ್ತದೆ. ಅಷ್ಟೇ ಅದರ ಕೆಲಸ.

ಹಾಲಿನ ಲೆಕ್ಕವನ್ನೂ ಒಮ್ಮೆ ಮಾಡಿ ನೋಡೋಣ. ಹಸು ದಿನಕ್ಕೆ 5 ಕಿಲೋ ದಾಣಿ ತಿನ್ನುತ್ತದೆ ಎನ್ನೋಣ. ದಾಣಿಯ ಪ್ರತಿ ಕಿಲೋದಲ್ಲಿ 20 ಮೈಕ್ರೋಗ್ರಾಂ ಬಿ1 ಇದ್ದರೆ ಒಟ್ಟು 100 ಮೈಕ್ರೋಗ್ರಾಂ ಒಳಗೆ ಹೋಯಿತು. ಸಾಮಾನ್ಯವಾಗಿ ಅದರಲ್ಲಿ ನೂರಕ್ಕೆ ಒಂದೆರಡು ಭಾಗ ಎಂ1 ಆಗಿ ಹಾಲಿಗೆ ಇಳಿಯುತ್ತದೆ. ಎರಡು ಭಾಗ ಎಂದು ಹಿಡಿದರೆ 2 ಮೈಕ್ರೋಗ್ರಾಂ. ಹಸು 10 ಲೀಟರು ಹಾಲು ಕೊಟ್ಟರೆ ಲೀಟರಿಗೆ 0.2. ನಮ್ಮ ದೇಶದ ಕಾನೂನು ಒಪ್ಪುವ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ. ಪರವಾಗಿಲ್ಲ. ಆದರೆ ದಾಣಿಗೆ ಬೂಷ್ಟು ಹಿಡಿದ ಮೆಕ್ಕೆಜೋಳ ಬೆರೆತು ಕಿಲೋಗೆ 100 ಮೈಕ್ರೋಗ್ರಾಂ ಆಯಿತೆನ್ನಿ. ಹಾಲಿನಲ್ಲಿ ಲೀಟರಿಗೆ 1 ಮೈಕ್ರೋಗ್ರಾಂ ಆಗುತ್ತದೆ, ಮಿತಿಯ ಎರಡು ಪಟ್ಟು. ಕಾಯಿಸಿದರೂ ಹೋಗದು. ಇದು ಬರಿಯ ಕಾಗದದ ಲೆಕ್ಕವಲ್ಲ. 2018ರಲ್ಲಿ ದೇಶಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿದಾಗ ನೂರಕ್ಕೆ 5.7ರಷ್ಟು ಮಾದರಿಗಳಲ್ಲಿ ಎಂ1 ಈ ಮಿತಿಯನ್ನು ಮೀರಿತ್ತು.

ಹೆಬ್ಬಾಳದ ಪ್ರಶ್ನೆ

ಚಪ್ಪಟೆ ಅಣುವಿಗೆ ಚಪ್ಪಟೆ ಹಾಳೆ ಸರಿಹೋಯಿತು. ಚಪ್ಪಟೆ ಅಲ್ಲದ ವಿಷಗಳ ಗತಿ? ಮಣ್ಣಿನ ಸೋಲು ಇಲ್ಲಿ. ಫ್ಯುಸೇರಿಯಂ ಎಂಬ ಶಿಲೀಂಧ್ರ ಹೊಲದಲ್ಲಿ ನಿಂತ ತೆನೆಯಲ್ಲೇ ಬೆಳೆದು ಫ್ಯುಮೊನಿಸಿನ್, ಟಿ-2, ಡಿಆಕ್ಸಿನಿವಲೆನಾಲ್ ಮೊದಲಾದ ಬೇರೆಯೇ ವಿಷಗಳನ್ನು ಮಾಡುತ್ತದೆ. ಇವುಗಳ ಅಣುಗಳ ಆಕಾರವೇ ಬೇರೆ, ಬೆಂಟೊನೈಟಿಗೆ ಇವು ಸರಿಯಾಗಿ ಸಿಕ್ಕುವುದಿಲ್ಲ. 1995ರಲ್ಲಿ ದಖನ್ನಿನ ಕೆಲವು ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಕೆಟ್ಟ ಜೋಳ ಮತ್ತು ಮೆಕ್ಕೆಜೋಳ ತಿಂದವರಿಗೆ ಹೊಟ್ಟೆನೋವು, ಭೇದಿ ಆದಾಗ ಸಿಕ್ಕಿದ್ದು ಫ್ಯುಮೊನಿಸಿನ್. ಮೊಟ್ಟೆ ಕೋಳಿಗಳೂ ಅದಕ್ಕೆ ಬಲಿಯಾದವು.

ಈ ಸಮಸ್ಯೆಯನ್ನು ಕೈಗೆತ್ತಿಕೊಂಡವರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಕೋಳಿ ವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಜಿ. ದೇವೇಗೌಡರು ಮುಖ್ಯರು. ಕೋಳಿಯ ಆಹಾರದಲ್ಲಿ ಒಂದೇ ವಿಷ ಇರುವುದು ಪ್ರಯೋಗಾಲಯದಲ್ಲಿ ಮಾತ್ರ, ಫಾರಂನಲ್ಲಿ ಎರಡು ಮೂರು ಒಟ್ಟಿಗೆ ಇರುತ್ತವೆ ಎಂಬುದನ್ನು ಅವರು ಮನಗಂಡಿದ್ದರು. ಮಣ್ಣಿಗೆ ಬದಲಾಗಿ ಯೀಸ್ಟಿನ ಕೋಶಭಿತ್ತಿಯಿಂದ ತೆಗೆದ ಗ್ಲೂಕೊಮ್ಯಾನನ್ ಎಂಬ ಪದಾರ್ಥವನ್ನು ಅವರ ತಂಡ ಪರೀಕ್ಷಿಸಿತು. ಅಫ್ಲಾಟಾಕ್ಸಿನ್, ಆಕ್ರಟಾಕ್ಸಿನ್, ಟಿ-2 ಈ ಮೂರನ್ನೂ ಒಂಟಿಯಾಗಿಯೂ ಜೊತೆಯಾಗಿಯೂ ಕೊಟ್ಟು ಎಂ.ವಿ.ಎಲ್.ಎನ್. ರಾಜು ಅವರೊಂದಿಗೆ ನಡೆಸಿದ ಪ್ರಯೋಗ 2000ದಲ್ಲಿ ಬ್ರಿಟನ್ನಿನ ಪತ್ರಿಕೆಯಲ್ಲಿ ಪ್ರಕಟವಾಯಿತು. ಯೀಸ್ಟಿನ ಭಿತ್ತಿ ಯಾವ ವಿಷಕ್ಕೆ ಎಷ್ಟು ಎಂಬ ವಾದ ವಿಜ್ಞಾನಿಗಳಲ್ಲಿ ಮುಗಿದಿಲ್ಲ. ಆದರೆ ‘ವಿಷಗಳು ಜೊತೆಯಾಗಿ ಬರುತ್ತವೆ’ ಎಂಬ ಹೆಬ್ಬಾಳದ ಮಾತು ನಿಂತಿದೆ.

ಹಾಗಾಗಿ ‘ಎಲ್ಲ ವಿಷಕ್ಕೂ ಒಂದೇ ಪುಡಿ’ ಎಂದು ಚೀಲದ ಮೇಲೆ ಬರೆದಿದ್ದರೆ ನಂಬುವ ಮೊದಲು ಎರಡು ಬಾರಿ ಯೋಚಿಸಬೇಕು. ಯುರೋಪಿನಲ್ಲಿ ಶಿಲೀಂಧ್ರವಿಷ ತಗ್ಗಿಸುವ ಪದಾರ್ಥಗಳಿಗೆಂದೇ ಆಹಾರ ಸೇರ್ಪಡೆಗಳ ಹೊಸ ಗುಂಪೊಂದನ್ನು 2009ರಲ್ಲಿ ಕಾನೂನಿನಲ್ಲಿ ಸೇರಿಸಿದರು. 2013ರಲ್ಲಿ ಆ ಗುಂಪಿನಡಿ ಬೆಂಟೊನೈಟಿಗೆ ಒಪ್ಪಿಗೆ ಸಿಕ್ಕಿತು, ಅದೂ ಅಫ್ಲಾಟಾಕ್ಸಿನ್ ಬಿ1ಕ್ಕೆ ಮಾತ್ರ. ಆಹಾರದ ಕಿಲೋಗೆ 20 ಗ್ರಾಮಿಗಿಂತ ಹೆಚ್ಚು ಇರಕೂಡದು. ಕೋಳಿಗಳ ರಕ್ತಭೇದಿಗೆ ಕೊಡುವ ಕೆಲವು ಔಷಧಿಗಳ ಜೊತೆ ಬಳಸುವಾಗ ಎಚ್ಚರವಿರಲಿ ಎಂದೂ ಹೇಳಿದರು, ಏಕೆಂದರೆ ಮಣ್ಣು ವಿಷದ ಜೊತೆಗೆ ಮದ್ದನ್ನೂ ಹಿಡಿದುಕೊಳ್ಳಬಲ್ಲದು. ಅದಕ್ಕೆ ಒಳ್ಳೆಯದು ಕೆಟ್ಟದ್ದರ ಭೇದ ಗೊತ್ತಿಲ್ಲ, ಆಕಾರದ ಭೇದ ಮಾತ್ರ ಗೊತ್ತು. ಕುತೂಹಲದ ಸಂಗತಿಯೆಂದರೆ, ಈ ಗುಣವನ್ನು ಜಗತ್ತಿಗೆ ತೋರಿಸಿದ ಅಮೆರಿಕದಲ್ಲಿ ಆ ಪುಡಿಗೆ ಅನುಮತಿ ಇದ್ದದ್ದು ಗಂಟು ತಡೆಯುವ ಪದಾರ್ಥವೆಂದು ಮಾತ್ರ.

ಮಣ್ಣಾದರೆ ಮಣ್ಣು ಎಂದು ಹೊಲದ ಎರೆಮಣ್ಣನ್ನೇ ದನಕ್ಕೆ ಬೆರೆಸಲು ಹೋಗಬೇಡಿ. ಯಾರಾದರೂ ಹಾಗೆ ಮಾಡಿದರೆ ತಡೆಯಿರಿ. ಹೊಲದ ಮಣ್ಣಿನಲ್ಲಿ ಕೀಟನಾಶಕ ಇರಬಹುದು, ಸೀಸದಂಥ ಲೋಹವಿರಬಹುದು, ರೋಗಾಣುಗಳಂತೂ ಇದ್ದೇ ಇರುತ್ತವೆ. ಗಣಿಯ ಮಣ್ಣೇ ಮೋಸ ಮಾಡಿದ್ದುಂಟು. 1997ರಲ್ಲಿ ಅಮೆರಿಕದ ಮಿಸಿಸಿಪ್ಪಿಯ ಗಣಿಯೊಂದರಿಂದ ತೆಗೆದ ಜೇಡಿಮಣ್ಣನ್ನು ಸೋಯಾ ಹಿಂಡಿ ಗಂಟು ಕಟ್ಟದಿರಲೆಂದು ಬೆರೆಸಿದ್ದರು. ಅದನ್ನು ತಿಂದ ಕೋಳಿಗಳಲ್ಲೂ ಮೀನುಗಳಲ್ಲೂ ಡಯಾಕ್ಸಿನ್ ಎಂಬ ಘೋರ ವಿಷ ಕಾಣಿಸಿಕೊಂಡಿತು. ಯಾರೂ ಬೆರೆಸಿದ್ದಲ್ಲ, ಪುರಾತನ ಕಾಲದಿಂದ ಆ ಮಣ್ಣಿನಲ್ಲೇ ಇದ್ದದ್ದು.

ಮತ್ತೆ ಕಣಕ್ಕೆ

2018ರಲ್ಲಿ ಮೆಕ್ಕೆಜೋಳಕ್ಕೆ ಇನ್ನೊಂದು ಶತ್ರು ಸೇರಿಕೊಂಡಿತು. ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು ಕರ್ನಾಟಕದಲ್ಲಿ. ಶಿವಮೊಗ್ಗದ ಕೃಷಿ ಕಾಲೇಜಿನ ವಿಜ್ಞಾನಿಗಳು ಅದನ್ನು ಗುರುತಿಸಿ ವರದಿ ಮಾಡಿದರು. ಹುಳು ಕೊರೆದ ತೆನೆ ಎಂದರೆ ಬಾಗಿಲು ತೆರೆದ ಮನೆಯಂತೆ, ಶಿಲೀಂಧ್ರ ಸಲೀಸಾಗಿ ಒಳಗೆ ಹೋಗುತ್ತದೆ. ಹೀಗೆ ಹೊಲದಲ್ಲಿ ಹುಳು, ಕಣದಲ್ಲಿ ಮಳೆ, ಗೋದಾಮಿನಲ್ಲಿ ತೇವ ಮೂರು ಕಡೆಯೂ ಬೂಷ್ಟಿಗೆ ಅವಕಾಶ.

ಜೇಡಿಪುಡಿಯ ಬಗ್ಗೆ ನನಗೆ ಗೌರವವಿದೆ. ಅದು ಎಷ್ಟೋ ಕೋಳಿ ಸಾಕಣೆದಾರರನ್ನು ನಷ್ಟದಿಂದ ಉಳಿಸಿದೆ. ಟನ್ನಿಗೆ 5 ಕಿಲೋ ಬಹಳವೇನೂ ಅಲ್ಲ. ಆದರೆ ಅದು ಅಗ್ಗದ ಕೆಟ್ಟ ಕಾಳನ್ನು ಕೊಳ್ಳಲು ಒಂದು ನೆಪವಾಗುವುದನ್ನೂ ಕಂಡಿದ್ದೇನೆ. ‘ಪುಡಿ ಹಾಕ್ತೀವಲ್ಲ ಸ್ವಾಮಿ, ಏನೂ ಆಗಲ್ಲ’ ಎಂಬ ಮಾತು ಕೇಳಿದಾಗ ಕಸಿವಿಸಿಯಾಗುತ್ತದೆ. ಒದ್ದೆ ಕಾಳು ತಂದ ರೈತನಿಗೆ ಮಂಡಿಯಲ್ಲಿ ಬೆಲೆ ಕಡಿಯುತ್ತಾರೆ. ಒಣಗಿಸಿ ತಂದರೆ ತೂಕ ಕಡಿಮೆ. ಎರಡು ಕಡೆಯೂ ಕಳೆದುಕೊಳ್ಳುವ ಅವನು ಸಿಕ್ಕಿದ ಬೆಲೆಗೆ ಕೊಟ್ಟು ಹೋಗುತ್ತಾನೆ. ಸಿಮೆಂಟಿನ ಕಣ, ಊರಿಗೊಂದು ಒಣಗಿಸುವ ಯಂತ್ರ ಇದ್ದರೆ ಈ ಪುಡಿಯ ಚೀಲ ಇಷ್ಟು ಮಾರಾಟವಾಗುತ್ತಿರಲಿಲ್ಲ ಎಂದು ನನ್ನ ಅನಿಸಿಕೆ.

ಮೆಕ್ಕೆಜೋಳ ಬೆಳೆಯುವ ಮನೆಯವರು ನೀವಾಗಿದ್ದರೆ ಈ ಸಲದ ಕೊಯ್ಲಿನಲ್ಲಿ ಒಂದು ಪ್ರಯೋಗ ಮಾಡಿ. ಯಂತ್ರ ಬೇಡ, ಚೆನ್ನಾಗಿ ಒಣಗಿದ ಮುಚ್ಚಳವಿರುವ ಗಾಜಿನ ಬಾಟಲಿ ಸಾಕು. ಮುಕ್ಕಾಲು ಲೀಟರಿನ ಬಾಟಲಿಯಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಕಾಳು ಹಾಕಿ. ಬಿಸಿಲಿಗಿಟ್ಟು ಒಣಗಿಸಿದ ಪುಡಿ ಉಪ್ಪನ್ನು ಒಂದು ದೊಡ್ಡ ಚಮಚ ಸೇರಿಸಿ ಮುಚ್ಚಳ ಬಿಗಿ ಮಾಡಿ. ಒಂದು ನಿಮಿಷ ಚೆನ್ನಾಗಿ ಅಲುಗಾಡಿಸಿ ಕಾಲು ಗಂಟೆ ಬಿಡಿ. ಉಪ್ಪು ಬಾಟಲಿಯ ಒಳಗೋಡೆಗೆ ಅಂಟಿಕೊಂಡರೆ ಕಾಳಿನ ತೇವ ನೂರಕ್ಕೆ 15ಕ್ಕಿಂತ ಹೆಚ್ಚು ಇದೆ ಎಂದು ಅರ್ಥ. ರಾಶಿಯ ಮೇಲಿನ ಕಾಳು, ನಡುವಿನ ಕಾಳು, ತಳದ ಕಾಳು ಮೂರನ್ನೂ ಬೇರೆ ಬೇರೆ ನೋಡಿ. ಎಲ್ಲೂ ಅಂಟದಿದ್ದರೆ ಇನ್ನೊಂದೆರಡು ದಿನದ ಬಿಸಿಲು ಕೊಟ್ಟು ಮೂಟೆ ಕಟ್ಟಲು ಹೇಳಿ. ತಳದ್ದು ಅಂಟಿದರೆ ತಾಡಪಾಲು ತೆಗೆದು ಅದನ್ನು ಮೇಲುಮಾಡಿ ಮತ್ತೆ ಹರಡಬೇಕು.